ಅಮ್ಮನ ಕ್ರಿಯಾಟಿನಿನ್ 1.1, ವರದಿಯಲ್ಲಿ ‘ನಾರ್ಮಲ್’. ಆದರೆ ಬಿಪಿ ಏರುತ್ತಿದೆ. ಕಿಡ್ನಿಗೂ ಇದಕ್ಕೂ ಸಂಬಂಧವಿದೆಯೇ?

ಕೊಡಚಾದ್ರಿ_ತಪ್ಪಲು

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಳಭಾಗದಲ್ಲಿ ನಮ್ಮ ಮನೆ. ಅಮ್ಮನಿಗೆ 72 ವರ್ಷ, ತೂಕ 44 ಕಿಲೋ. ಮೊದಲಿನಿಂದಲೂ ತೆಳ್ಳಗಿನ ಶರೀರ. ಈಗಲೂ ಬೆಳಗಾದರೆ ಕೊಟ್ಟಿಗೆಗೆ ಹೋಗುತ್ತಾರೆ, ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಎದ್ದೇಳುವುದೇ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಮಾತ್ರೆ ಇದುವರೆಗೆ ತೆಗೆದುಕೊಂಡಿಲ್ಲ.

ಮಂಡಿನೋವಿಗೆಂದು ಪೇಟೆಗೆ ಕರೆದುಕೊಂಡು ಹೋದಾಗ ಬಿಪಿ 152/76 ಇತ್ತು. ಮೇಲಿನ ಅಂಕಿ ಮಾತ್ರ ಹೆಚ್ಚು, ಕೆಳಗಿನದು ಸರಿಯಾಗಿಯೇ ಇದೆ. ರಕ್ತ ಪರೀಕ್ಷೆಯನ್ನೂ ಮಾಡಿಸಿದೆವು. ಕ್ರಿಯಾಟಿನಿನ್ 1.1 ಎಂದು ಬಂದಿದೆ, ಅದರ ಪಕ್ಕದಲ್ಲಿ 0.6ರಿಂದ 1.2ರವರೆಗೆ ಸರಿ ಎಂದು ಅಚ್ಚಾಗಿದೆ. ಅದರ ಕೆಳಗಿನ ಸಾಲಿನಲ್ಲಿ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ವೇಗದ ಅಂದಾಜು, 53 ಎಂದಿದೆ. ವೈದ್ಯರು ವರದಿಯ ಮೇಲೆ ಕಣ್ಣು ಹಾಯಿಸಿ, ‘ಕಿಡ್ನಿ ಚೆನ್ನಾಗಿದೆ, ವಯಸ್ಸಾದವರಿಗೆ ಬಿಪಿ ಇಷ್ಟು ಇರುತ್ತದೆ’ ಎಂದು ಮಂಡಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರು. 53ರ ಬಗ್ಗೆ ಕೇಳುವಷ್ಟು ಸಮಯ ಸಿಗಲಿಲ್ಲ, ಹೊರಗೆ ಸರದಿ ಉದ್ದವಿತ್ತು.

ಇಷ್ಟು ಗಾಬರಿಗೆ ಕಾರಣವಿದೆ. ಅಮ್ಮನ ಅಣ್ಣ, ನನ್ನ ಸೋದರಮಾವ, ಡಯಾಲಿಸಿಸ್‌ಗಾಗಿ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಆಗುಂಬೆಯ ಕಡೆಯ ಮಳೆ ನಮ್ಮ ಊರಿನಲ್ಲೂ ಅಷ್ಟೇ ಜೋರು. ಮರ ಬಿದ್ದು ರಸ್ತೆ ಕಟ್ಟಿದ ದಿನ ಅವರ ಮುಖ ಊದಿಕೊಂಡು, ಉಸಿರಾಡಲಾಗದೆ ಜಗಲಿಯಲ್ಲಿ ಕೂತದ್ದನ್ನು ಮನೆಮಂದಿಯೆಲ್ಲ ನೋಡಿದ್ದೇವೆ. ಅವರಿಗೂ ಮೊದಲು ಕಾಣಿಸಿಕೊಂಡದ್ದು ಬಿಪಿಯೇ.

ಕ್ರಿಯಾಟಿನಿನ್ ಸರಿ ಇದ್ದು ಇಜಿಎಫ್‌ಆರ್ ಕಡಿಮೆ ಇರುವುದು ಹೇಗೆ? ಬಿಪಿಯಿಂದ ಕಿಡ್ನಿ ಹಾಳಾಗುತ್ತದೆಯೋ, ಕಿಡ್ನಿ ಸೋತದ್ದರಿಂದ ಬಿಪಿ ಏರುತ್ತದೆಯೋ? ತಿಳಿದವರು ಹೇಳಬೇಕು.

ಲ್ಯಾಬ್_ನಿವೃತ್ತ_ಸಾಗರ

ತಮ್ಮಾ, ನಾನು ವೈದ್ಯನಲ್ಲ. ಸರ್ಕಾರಿ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ಕೆಲಸ ಮಾಡಿ ನಿವೃತ್ತನಾದವನು. ಚಿಕಿತ್ಸೆಯ ಮಾತು ನನ್ನದಲ್ಲ, ಆದರೆ ಆ ಎರಡು ಅಂಕಿಗಳ ಬಗ್ಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಿಮ್ಮ ಅಮ್ಮನಂಥ ತೆಳ್ಳಗಿನ ಹಿರಿಯರ ವರದಿಯಲ್ಲಿ ಕ್ರಿಯಾಟಿನಿನ್ ಪಕ್ಕದ ‘ನಾರ್ಮಲ್’ ಎಂಬ ಮಾತನ್ನು ನಂಬಿ ಕೂರಬಾರದು. ನನ್ನ ಸೇವೆಯ ಉದ್ದಕ್ಕೂ ನನ್ನನ್ನು ಕಾಡಿದ ವಿಷಯ ಇದು.

ಕ್ರಿಯಾಟಿನಿನ್ ಎಂಬ ಕಸ ಹುಟ್ಟುವುದು ಮಾಂಸಖಂಡದಲ್ಲಿ. ಸ್ನಾಯು ಹೆಚ್ಚಿದ್ದವರಲ್ಲಿ ಹೆಚ್ಚು ಹುಟ್ಟುತ್ತದೆ, ಕಡಿಮೆ ಇದ್ದವರಲ್ಲಿ ಕಡಿಮೆ. ಮಾಂಸಾಹಾರ ಉಂಡವರಲ್ಲಿ ಇನ್ನಷ್ಟು ಏರುತ್ತದೆ. ಅದನ್ನು ಸೋಸಿ ಹೊರಹಾಕುವುದು ಕಿಡ್ನಿಯ ಕೆಲಸ. ತೋಟದ ಬಸಿಗಾಲುವೆಯಲ್ಲಿ ನೀರು ನಿಂತಿಲ್ಲ ಎಂದ ಮಾತ್ರಕ್ಕೆ ಕಾಲುವೆ ಚೊಕ್ಕಟವಾಗಿದೆ ಎಂದಲ್ಲ, ಮಳೆಯೇ ಕಡಿಮೆ ಬಿದ್ದಿರಬಹುದು. 44 ಕಿಲೋ ತೂಕದ 72 ವರ್ಷದ ಹೆಂಗಸಿನ ಶರೀರದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಆದರೂ ರಕ್ತದಲ್ಲಿ 1.1 ನಿಂತಿದೆ ಎಂದರೆ ಹೊರಹೋಗುವುದು ನಿಧಾನವಾಗಿದೆ ಎಂದರ್ಥ.

ಇದಕ್ಕಾಗಿಯೇ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಇಜಿಎಫ್‌ಆರ್ ಲೆಕ್ಕ ಹಾಕುತ್ತಾರೆ. ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತಿವೆ ಎಂಬ ಅಂದಾಜು ಅದು. 2021ರಲ್ಲಿ ಪರಿಷ್ಕೃತವಾದ ಸಿಕೆಡಿ-ಎಪಿ ಸೂತ್ರಕ್ಕೆ ನಿಮ್ಮ ಅಮ್ಮನ ವಿವರ ಹಾಕಿ ನಾನೇ ಲೆಕ್ಕ ಮಾಡಿದೆ, 53 ಸರಿಯಾಗಿಯೇ ಬಂತು. ಅದೇ 1.1 ಅನ್ನು 30 ವರ್ಷದ ಗಂಡಸಿಗೆ ಹಾಕಿದರೆ 93 ಬರುತ್ತದೆ. ಕ್ರಿಯಾಟಿನಿನ್ ಅಂಕಿ ಒಂದೇ, ಕಿಡ್ನಿಯ ಕೆಲಸದಲ್ಲಿ ಇಷ್ಟು ಅಂತರ. ಇಬ್ಬರ ವರದಿಯಲ್ಲೂ ಅಚ್ಚಾಗುವುದು ಹೆಚ್ಚುಕಡಿಮೆ ಅದೇ ಪಕ್ಕದ ಮಿತಿ. ಕಣ್ಣು ಅಲ್ಲಿಗೇ ಹೋಗಿ ಅಲ್ಲಿಗೇ ನಿಲ್ಲುತ್ತದೆ, ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ.

ಸೂತ್ರಕ್ಕೆ ವಯಸ್ಸು ಗೊತ್ತು, ತೂಕ ಗೊತ್ತಿಲ್ಲ. ಆದ್ದರಿಂದ ಬಹಳ ತೆಳ್ಳಗಿನವರಲ್ಲಿ ನಿಜವಾದ ಸಾಮರ್ಥ್ಯ 53ಕ್ಕಿಂತ ಇನ್ನೂ ಸ್ವಲ್ಪ ಕಡಿಮೆ ಇರಬಹುದು.

ಹಾಗೆಂದು ಒಂದೇ ವರದಿಯಿಂದ ‘ಕಿಡ್ನಿ ಕಾಯಿಲೆ’ ಎಂದು ಹೆಸರಿಡುವಂತೆಯೂ ಇಲ್ಲ. 60ಕ್ಕಿಂತ ಕಡಿಮೆ ಇರುವುದು ಮೂರು ತಿಂಗಳಿಗೂ ಮೇಲ್ಪಟ್ಟು ಮುಂದುವರಿದರೆ ಮಾತ್ರ ಆ ಹೆಸರು. ವಾಂತಿ ಭೇದಿಯಾಗಿ ಶರೀರ ಒಣಗಿದ್ದರೆ, ನೋವಿನ ಮಾತ್ರೆ ನಡೆಯುತ್ತಿದ್ದರೆ, ಹಿಂದಿನ ರಾತ್ರಿ ಮಾಂಸದ ಊಟವಾಗಿದ್ದರೆ ಅಂಕಿ ಆಚೀಚೆ ಆಗುತ್ತದೆ. ಪರೀಕ್ಷಾ ವಿಧಾನವೂ ಮುಖ್ಯ. ಪಿಕ್ರಿಕ್ ಆಮ್ಲದೊಂದಿಗೆ ಬೆರೆಸಿ ಕಿತ್ತಳೆ ಬಣ್ಣ ಅಳೆಯುವ ಯಾಫೆ ವಿಧಾನ 1886ರಷ್ಟು ಹಳೆಯದು, ಅಗ್ಗವೆಂದು ಇಂದಿಗೂ ಬಹಳ ಕಡೆ ಬಳಕೆಯಲ್ಲಿದೆ. ರಕ್ತದಲ್ಲಿನ ಬೇರೆ ವಸ್ತುಗಳೂ ಅದರಲ್ಲಿ ಬಣ್ಣ ಕೊಡುತ್ತವೆ. ಎನ್‌ಜೈಮ್ ವಿಧಾನದಲ್ಲಿ ಆ ತೊಂದರೆ ಕಡಿಮೆ. ಆದ್ದರಿಂದ ಮರುಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಮಾಡಿಸಿ. ಒಂದು ಸಲ ಸಾಗರ, ಇನ್ನೊಂದು ಸಲ ಶಿವಮೊಗ್ಗ ಎಂದು ಅಲೆದರೆ ಏರಿಳಿತ ಕಿಡ್ನಿಯದೋ ಯಂತ್ರದ್ದೋ ತಿಳಿಯುವುದಿಲ್ಲ.

ಜೊತೆಗೆ ಮೂತ್ರದ ಎಸಿಆರ್ ಪರೀಕ್ಷೆಯನ್ನು ಬಿಡಲೇಬೇಡಿ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ಅದು ಹೇಳುತ್ತದೆ. ಪಟ್ಟಿ ಅದ್ದಿ ನೋಡುವ ಸಾಮಾನ್ಯ ಪರೀಕ್ಷೆಗೆ ಸಣ್ಣ ಸೋರಿಕೆ ಕಾಣುವುದಿಲ್ಲ. ಎಸಿಆರ್ 30ರ ಒಳಗಿದ್ದರೆ ಸಮಾಧಾನ, 30ರಿಂದ 300 ಎಂದರೆ ಸೋರಿಕೆ ಶುರುವಾಗಿದೆ, 300ರ ಮೇಲೆ ಹೋದರೆ ಗಂಭೀರ. ಬೆಳಗಿನ ಮೊದಲ ಮೂತ್ರವನ್ನು, ಆರಂಭದ ಸ್ವಲ್ಪ ಬಿಟ್ಟು, ನಡುವಿನದನ್ನು ಹಿಡಿಯಿರಿ. ಜ್ವರ ಅಥವಾ ಉರಿಮೂತ್ರ ಇರುವಾಗ ಮಾಡಿಸಿದರೆ ಹಣ ವ್ಯರ್ಥ.

ಬಿಪಿ ಮೊದಲೋ ಕಿಡ್ನಿ ಮೊದಲೋ ಎಂದು ಕೇಳಿದ್ದೀರಿ. ಎರಡೂ ಒಂದನ್ನೊಂದು ಕೆಡಿಸುತ್ತವೆ. ಶರೀರದಲ್ಲಿ ಎಷ್ಟು ಉಪ್ಪು, ಎಷ್ಟು ನೀರು ಉಳಿಯಬೇಕು ಎಂದು ನಿರ್ಧರಿಸುವುದು ಕಿಡ್ನಿ. ಒತ್ತಡ ಏರಿಸುವ ರೆನಿನ್ ಎಂಬ ವಸ್ತುವನ್ನು ಬಿಡುವುದೂ ಅದೇ. ವಯಸ್ಸಾದಂತೆ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳು, ಒಂದೊಂದಾಗಿ ನಿಲ್ಲುತ್ತವೆ, ಉಂಡ ಉಪ್ಪನ್ನು ಹೊರಹಾಕಲು ಹೆಚ್ಚು ಒತ್ತಡ ಬೇಕಾಗುತ್ತದೆ. ಆ ಒತ್ತಡ ಉಳಿದ ನೆಫ್ರಾನ್‌ಗಳನ್ನು ಸವೆಸುತ್ತದೆ. ಮೇಲಿನ ಅಂಕಿ ಮಾತ್ರ ಏರುವುದಕ್ಕೆ ದೊಡ್ಡ ರಕ್ತನಾಳಗಳು ಬಿರುಸಾಗುವುದೂ ಕಾರಣ, ಹಿರಿಯರಲ್ಲಿ ಅದೇ ಸಾಮಾನ್ಯ ರೂಪ. ಸಾಮಾನ್ಯ ಎಂದರೆ ನಿರುಪದ್ರವಿ ಎಂದಲ್ಲ.

ಕೊಪ್ಪದ_ಸೊಸೆ

ಅಣ್ಣಾ, ನಮ್ಮ ಅತ್ತೆಗೂ ಹೀಗೆಯೇ, ಇಜಿಎಫ್‌ಆರ್ ಐವತ್ತರ ಆಸುಪಾಸು. ಅಡುಗೆಮನೆಯ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಉಪ್ಪು ಎಲ್ಲೆಲ್ಲಿ ಅಡಗಿದೆ ಎಂಬುದು ಆಸ್ಪತ್ರೆಯ ಆಹಾರ ಪಟ್ಟಿಯಲ್ಲಿ ಬರೆದಿರುವುದಿಲ್ಲ.

ದಿನಕ್ಕೆ 5 ಗ್ರಾಂ ಒಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಎಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಸಾರಿಗೆ ಕಡಿಮೆ ಹಾಕಿದರೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಬೆಳಗಿನ ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕು, ಮಧ್ಯಾಹ್ನ ಮಜ್ಜಿಗೆಗೆ ಚಿಟಿಕೆ ಉಪ್ಪು, ಊಟಕ್ಕೆ ಕರಿದ ಬಾಳಕದ ಮೆಣಸು, ಸಂಜೆ ಹಲಸಿನ ಹಪ್ಪಳ. ಮಳೆಗಾಲ ಬಂತೆಂದರೆ ಭರಣಿಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ, ನೀರುಮಾವಿನಕಾಯಿ ಹೊರಬರುತ್ತವೆ. ಎಷ್ಟು ತೊಳೆದರೂ ಒಳಗೆ ಇಳಿದ ಉಪ್ಪು ಪೂರ್ತಿ ಹೋಗುವುದಿಲ್ಲ. ಹೊರಗೆ ಮೂರು ತಿಂಗಳು ಸೊಪ್ಪು ತರಕಾರಿ ಸಿಗದ ಕಾಲದಲ್ಲಿ ನಮ್ಮ ಹಿರಿಯರು ಕಟ್ಟಿಕೊಂಡ ಅಡುಗೆ ಅದು. ಅದರ ಮೇಲೆ ನನಗೆ ತುಂಬಾ ಗೌರವವಿದೆ. ಈಗ ಪೇಟೆಯಲ್ಲಿ ವರ್ಷವಿಡೀ ತರಕಾರಿ ಸಿಗುತ್ತದೆ, ಅತ್ತೆಯ ಕಿಡ್ನಿಗೆ ವಯಸ್ಸಾಗಿದೆ.

ಒಮ್ಮೆಲೇ ನಿಲ್ಲಿಸಿದರೆ ಅವರು ಉಣ್ಣುವುದನ್ನೇ ಬಿಡುತ್ತಾರೆ, ತೆಳ್ಳಗಿನವರು ಇನ್ನೂ ಇಳಿದುಹೋಗುತ್ತಾರೆ. ನಾನು ಒಂದೆಲಗದ ತಂಬುಳಿ, ದೊಡ್ಡಪತ್ರೆಯ ತಂಬುಳಿ ಹೆಚ್ಚು ಮಾಡುತ್ತೇನೆ. ಉಪ್ಪು ಅರ್ಧಕ್ಕೆ ಇಳಿಸಿ ಜೀರಿಗೆ ಮೆಣಸು ನುರಿದು ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ನಾಲಗೆಗೆ ಕೊರತೆ ಎನಿಸುವುದಿಲ್ಲ. ಉಪ್ಪಿನಕಾಯಿಯಲ್ಲಿ ಮಿಡಿ ಬೇಡ, ರಸದ ಒಂದು ತೊಟ್ಟು ಸಾಕು ಎಂದು ಒಪ್ಪಂದವಾಗಿದೆ.

ಎಚ್ಚರಿಕೆಯ ಮಾತು ಮುಂದಿದೆ. ಬೆಂಗಳೂರಿನ ನೆಂಟರು ‘ಬಿಪಿ ಇರುವವರಿಗೆ ಒಳ್ಳೆಯದು’ ಎಂದು ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣ ತಂದುಕೊಟ್ಟರು. ಹಿಂಬದಿ ಓದಿದರೆ ಪೊಟ್ಯಾಸಿಯಂ ಕ್ಲೋರೈಡ್ ಎಂದಿತ್ತು. ಅತ್ತೆ ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಡಾಕ್ಟರರನ್ನು ಕೇಳಿದಾಗ ‘ಪೊಟ್ಟಣ ಒಡೆಯಲೇಬೇಡಿ’ ಎಂದರು. ಕಿಡ್ನಿ ನಿಧಾನವಾಗಿರುವವರಲ್ಲಿ, ಅದರಲ್ಲೂ ಈ ಜಾತಿಯ ಮಾತ್ರೆ ನಡೆಯುತ್ತಿರುವವರಲ್ಲಿ, ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದಂತೆ. ಸೈಂಧವ ಲವಣವಾದರೆ ಚಿಂತೆಯಿಲ್ಲ ಎಂದು ಕೆಲವರು ಹೇಳುತ್ತಾರೆ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಕಷಾಯದ ಪುಡಿಯನ್ನೂ ನೋಡಿಕೊಳ್ಳಿ ಅಣ್ಣಾ. ಕೆಮ್ಮಿಗೆಂದು ಜ್ಯೇಷ್ಠಮಧು ಸೇರಿಸುವ ಮನೆಗಳಿವೆ. ದಿನವೂ ಕುಡಿದರೆ ಅದು ಬಿಪಿ ಏರಿಸುತ್ತದೆ. ಕೊಲೆಸ್ಟರಾಲ್‌ಗೆ ಒಳ್ಳೆಯದೆಂದು ಬಿಂಬುಳಿಯ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರು ಬರೆದಿದ್ದಾರೆ. ನಮ್ಮ ಹಿತ್ತಲಲ್ಲೂ ಆ ಮರವಿದೆ. ಧಾರೆಹುಳಿಯೂ ಕಿಡ್ನಿ ಸೋತವರಿಗೆ ವಿಷದಂತೆ ಕೆಲಸ ಮಾಡುತ್ತದೆ. ಹಿತ್ತಲಲ್ಲಿ ಬೆಳೆದದ್ದರಿಂದ ಏನೂ ಆಗುವುದಿಲ್ಲ ಎಂಬ ಧೈರ್ಯ ಬೇಡ.

ಕೊಡಚಾದ್ರಿ_ತಪ್ಪಲು

ಹಿರಿಯರಿಗೂ ಅಕ್ಕನಿಗೂ ಕೃತಜ್ಞತೆಗಳು. ಡೈಕ್ಲೋಫೆನಾಕ್ ನಿಲ್ಲಿಸಿ ಬೇರೆ ವೈದ್ಯರನ್ನು ಕಂಡೆವು. ಅವರು ಎಸಿಆರ್ ಮಾಡಿಸಿದರು, 64 ಬಂತು. ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸಿದಾಗ 58. ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆಯನ್ನೂ ಬರೆದರು. ಮಾದರಿಯನ್ನು ಹೊರಗೆ ಕಳುಹಿಸಬೇಕಾಯಿತು, ಖರ್ಚೂ ಹೆಚ್ಚು. ಅದು 1.4 ಎಂದು ಬಂದಿದೆ. ಕ್ರಿಯಾಟಿನಿನ್ ಮತ್ತು ಇದನ್ನು ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ 50 ಎಂದರು.

ಬಿಪಿ ಮಾತ್ರೆ ಶುರು ಮಾಡುವ ಮೊದಲು ಒಂದು ವಾರ ಮನೆಯಲ್ಲಿ ಅಳೆದು ಬರೆದು ತರಲು ಹೇಳಿದ್ದಾರೆ. ಯಂತ್ರ ತಂದಿದ್ದೇವೆ. ಆದರೆ ಅಮ್ಮನ ಅಂಕಿ ಒಮ್ಮೆ 158, ಒಮ್ಮೆ 134. ಯಾವುದನ್ನು ನಂಬುವುದು? ಮಾತ್ರೆ ಶುರುವಾದರೆ ತಲೆ ತಿರುಗಿ ಕೊಟ್ಟಿಗೆಯಲ್ಲಿ ಬಿದ್ದರೆ ಎಂಬ ಹೆದರಿಕೆ ಅಮ್ಮನಿಗೆ.

ತುಂಗಾತೀರದ_ವೈದ್ಯೆ

ತೀರ್ಥಹಳ್ಳಿಯಲ್ಲಿ ವೈದ್ಯಕೀಯ ವೃತ್ತಿಯಲ್ಲಿದ್ದೇನೆ. ನಿಮ್ಮ ತಾಯಿಯವರನ್ನು ನೋಡಿದ ವೈದ್ಯರ ದಾರಿ ನನಗೆ ಸರಿಯೆನಿಸುತ್ತದೆ. ಔಷಧಿಯನ್ನು ಅವರೇ ನಿರ್ಧರಿಸಲಿ. ಅಳೆಯುವುದರ ಬಗ್ಗೆ ಬರೆಯುತ್ತೇನೆ.

ತೋಟದಿಂದ ಧರೆ ಹತ್ತಿ ಬಂದ ಕೂಡಲೇ ಅಳೆದರೆ 158 ಬರುವುದರಲ್ಲಿ ಆಶ್ಚರ್ಯವಿಲ್ಲ. ಕಾಫಿ ಕುಡಿದಿದ್ದರೆ, ಎಲೆಅಡಿಕೆಗೆ ತಂಬಾಕು ಸೇರಿಸಿದ್ದರೆ ಅರ್ಧ ಗಂಟೆ ಕಾಯಿರಿ. ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದಗಳು ನೆಲ ಮುಟ್ಟುವಂತೆ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಲಿ. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಲಿ. ಚಳಿಯೆಂದು ಸ್ವೆಟರ್ ಮೇಲೆಯೇ ಪಟ್ಟಿ ಸುತ್ತುವುದನ್ನು ನಾನು ದಿನವೂ ನೋಡುತ್ತೇನೆ, ಹಾಗೆ ಮಾಡಬೇಡಿ, ಬರಿ ತೋಳಿಗೆ ಸುತ್ತಿ. ನಿಮ್ಮ ತಾಯಿಯ ತೋಳು ಸಣ್ಣದಿರಬೇಕು. ಯಂತ್ರದ ಜೊತೆ ಬರುವ ಪಟ್ಟಿ ಅವರಿಗೆ ದೊಡ್ಡದಾದರೆ ಅಂಕಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಅಳತೆಗೆ ಸರಿಹೊಂದುವ ಪಟ್ಟಿ ಕೇಳಿ ತನ್ನಿ. ಅಳೆಯುವಾಗ ಮಾತು ಬೇಡ, ನೀವೂ ಮಾತನಾಡಿಸಬೇಡಿ. ಬೆಳಿಗ್ಗೆ ತಿಂಡಿಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಒಂದು ವಾರ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ನಂಬಬೇಕಾದದ್ದು ಆ ಸರಾಸರಿಯನ್ನು. ಆಸ್ಪತ್ರೆಯ 140/90ಕ್ಕೆ ಮನೆಯಲ್ಲಿ 135/85 ಸಮ.

ಬೀಳುವ ಹೆದರಿಕೆಯನ್ನು ತಳ್ಳಿಹಾಕಬೇಡಿ, ತಾಯಿಯವರು ಸರಿಯಾದದ್ದನ್ನೇ ಕೇಳುತ್ತಿದ್ದಾರೆ. ಕೂತಾಗ ಅಳೆದು, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರಿಗೆ ತಪ್ಪದೆ ಹೇಳಿ. ಮಾತ್ರೆ ಯಾವುದು, ಎಷ್ಟು, ಎಷ್ಟು ನಿಧಾನ ಎಂಬುದು ಇದರಿಂದ ಬದಲಾಗುತ್ತದೆ. 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ 9,361 ಜನರಿದ್ದರು. ಮೇಲಿನ ಅಂಕಿಯನ್ನು 120ರೊಳಗೆ ತರುವ ಗುರಿಯಿಂದ ಹೃದಯ ವೈಫಲ್ಯ, ಸಾವು ಕಡಿಮೆಯಾದವು, 75 ದಾಟಿದವರಲ್ಲೂ ಪ್ರಯೋಜನ ಕಂಡಿತು. ಅದೇ ಗುಂಪಿನಲ್ಲಿ ಬಿಪಿ ತೀರಾ ಇಳಿಯುವುದು, ತಲೆಸುತ್ತಿ ಬೀಳುವಂಥ ಮೂರ್ಛೆ, ಕಿಡ್ನಿಗೆ ಹಠಾತ್ ಪೆಟ್ಟು ಹೆಚ್ಚು ಕಂಡದ್ದೂ ನಿಜ. ಅಲ್ಲಿ ರೋಗಿಗಳನ್ನು ಶಾಂತವಾಗಿ ಕೂರಿಸಿ ಯಂತ್ರದಿಂದ ಅಳೆಯುತ್ತಿದ್ದರು. ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ಅವಸರದಿಂದ ತೆಗೆದ ಅಂಕಿಯ ಮೇಲೆ ಆ ಗುರಿಯನ್ನು ಹೇರಬಾರದು.

ಎಸಿಆರ್ ಎರಡು ಸಲವೂ 30ರ ಮೇಲಿರುವುದರಿಂದ ಹೆಸರು ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದು ಮುಗಿಯುವ ಮಾತ್ರೆ ಬರೆದಾರು. ಅವು ಬಿಪಿ ಇಳಿಸುವುದರ ಜೊತೆ ಆಲ್ಬುಮಿನ್ ಸೋರಿಕೆಯನ್ನೂ ತಗ್ಗಿಸುತ್ತವೆ. ಶುರುವಾದ ಎರಡರಿಂದ ನಾಲ್ಕು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು. ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಅಂಕಿ ಏರಿದ್ದನ್ನು ಕಂಡು ‘ಮಾತ್ರೆಯಿಂದಲೇ ಕಿಡ್ನಿ ಹೋಯಿತು’ ಎಂದು ತಾವೇ ನಿಲ್ಲಿಸಿ, ಪಾರ್ಶ್ವವಾಯು ಹೊಡೆದ ಮೇಲೆ ಬಂದವರನ್ನು ನೋಡಿದ್ದೇನೆ. ವಾಂತಿ ಭೇದಿಯಾಗಿ ನೀರೂ ನಿಲ್ಲದ ದಿನ ಮಾತ್ರ ಆ ಮಾತ್ರೆ ತೆಗೆದುಕೊಳ್ಳಬೇಕೇ ಎಂದು ಫೋನ್ ಮಾಡಿ ಕೇಳಿ.

ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತರುವುದು ಸಂಪೂರ್ಣ ನಿಲ್ಲಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸಿ ಬಿಪಿಯನ್ನೂ ಏರಿಸುತ್ತವೆ. ‘ಸಾರ್ಟನ್’ ಮಾತ್ರೆ ಮತ್ತು ನೀರು ಹೊರಹಾಕುವ ಮಾತ್ರೆಯ ಜೊತೆ ಇವು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಕೊಪ್ಪದ ತಂಗಿ ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪೊಟ್ಯಾಸಿಯಂ ಉಪ್ಪು ಎಲ್ಲರಿಗೂ ಕೆಟ್ಟದ್ದಲ್ಲ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದರಿಂದ ಪಾರ್ಶ್ವವಾಯು ಕಡಿಮೆಯಾಯಿತು. ಗಂಭೀರ ಕಿಡ್ನಿ ಕಾಯಿಲೆಯವರನ್ನು ಅದರಲ್ಲಿ ಸೇರಿಸಿರಲಿಲ್ಲ. ಹಾಗಾಗಿ ನಿಮ್ಮ ಅತ್ತೆಗೂ ಇವರ ತಾಯಿಗೂ ಬೇಡ ಎಂಬ ಮಾತು ಸರಿಯೇ.

ಲ್ಯಾಬ್_ನಿವೃತ್ತ_ಸಾಗರ

ಡಾಕ್ಟರಮ್ಮ ಇಷ್ಟು ಬಿಡಿಸಿ ಬರೆದದ್ದು ಸಂತೋಷ. ಸಿಸ್ಟಾಟಿನ್ ಸಿ ಖರ್ಚು ದಂಡವಾಯಿತೇ ಎಂಬ ಸಂದೇಹ ನಿಮಗಿದ್ದರೆ ಬಿಡಿ ತಮ್ಮಾ, ಅದು ಸರಿಯಾದ ಜಾಗದಲ್ಲೇ ಆದ ಖರ್ಚು. ಕೋಶಕೇಂದ್ರವಿರುವ ಎಲ್ಲ ಜೀವಕೋಶಗಳೂ ಆ ಸಣ್ಣ ಪ್ರೋಟೀನನ್ನು ಬಿಡುತ್ತವೆ, ಸ್ನಾಯು ಎಷ್ಟಿದೆ ಎಂಬುದು ಅದಕ್ಕೆ ಅಷ್ಟಾಗಿ ಲೆಕ್ಕವಿಲ್ಲ. ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಔಷಧಿ, ಧೂಮಪಾನ, ಬೊಜ್ಜು ಅದನ್ನು ಏರುಪೇರು ಮಾಡುತ್ತವೆ. ಅಮ್ಮನಿಗೆ ಥೈರಾಯ್ಡ್ ಪರೀಕ್ಷೆ ಆಗಿಲ್ಲವಾದರೆ ಮುಂದಿನ ಸಲ ಕೇಳಿ.

ಬಿಪಿ ಬರುವುದಕ್ಕೆ ಮೊದಲೇ ಸಿಸ್ಟಾಟಿನ್ ಸಿ ಸುಳಿವು ಕೊಡುತ್ತದೆಯೇ ಎಂಬುದನ್ನು ಅಮೆರಿಕದ ಮೆಸಾ ಎಂಬ ಅಧ್ಯಯನ ನೋಡಿದೆ. ಬಿಪಿಯಾಗಲಿ, ಗೊತ್ತಾದ ಕಿಡ್ನಿ ಕಾಯಿಲೆಯಾಗಲಿ ಇಲ್ಲದವರನ್ನು ಆರಿಸಿ ಕೆಲವು ವರ್ಷ ಗಮನಿಸಿದರು. ಸಿಸ್ಟಾಟಿನ್ ಸಿ ಹೆಚ್ಚಿದ್ದವರಲ್ಲಿ ಮುಂದೆ ಬಿಪಿ ಬಂದದ್ದು ಹೆಚ್ಚು ಎಂದು 2008ರಲ್ಲಿ ಪ್ರಕಟಿಸಿದರು. ‘ನಾರ್ಮಲ್’ ಎಂಬ ಮಿತಿಯ ಒಳಗೇ ಇರುವ ಸಣ್ಣ ವ್ಯತ್ಯಾಸಕ್ಕೂ ಅರ್ಥವಿದೆ ಎಂದಾಯಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಇಂಥ ಅಧ್ಯಯನ ಸಾಧಿಸುವುದಿಲ್ಲ. ಭಾರತ ಮೂಲದವರೂ ಅದರಲ್ಲಿ ಇರಲಿಲ್ಲ. ಆದರೂ ಸೋದರಮಾವನ ಕಥೆ ಕಂಡ ಮನೆಯಲ್ಲಿ, ನಿಮ್ಮ ವಯಸ್ಸಿನವರೂ ಕ್ರಿಯಾಟಿನಿನ್, ಎಸಿಆರ್, ಬಿಪಿ ಮೂರನ್ನೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರ ಬಿಪಿ, ಸಕ್ಕರೆ ಉಚಿತವಾಗಿ ನೋಡುತ್ತಾರೆ.

ಅಮ್ಮನ ವರದಿಗಳನ್ನೆಲ್ಲ ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಡಿ. ಪ್ರತಿಯೊಂದರ ಮೇಲೂ ಆ ವಾರ ಯಾವ ಮಾತ್ರೆ ನಡೆಯುತ್ತಿತ್ತು, ಜ್ವರ ಇತ್ತೇ, ತೂಕ ಎಷ್ಟಿತ್ತು ಎಂದು ಪೆನ್ನಿನಲ್ಲಿ ಬರೆದಿಡಿ. ಮುಂದಿನ ಕ್ರಿಯಾಟಿನಿನ್ ಬಂದಾಗ ಇಲ್ಲಿ ತಿಳಿಸಿ, ಸೂತ್ರಕ್ಕೆ ಹಾಕಿ ನಾನು ಮತ್ತೆ ಲೆಕ್ಕ ಮಾಡಿಕೊಡುತ್ತೇನೆ.